ಆಯಿಯ ಗುಳಿಗೆ, ಅವ್ವನ ಮಧ್ಯಾಹ್ನ

ಸೀಗಿ ಹುಣ್ಣಿಮೆ ಕಳೆದು ಬಂದ ಶನಿವಾರ, ಮುಂಜಾನೆ ಏಳು ಗಂಟೆ. ಹುನಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು: ಕಂಬಕ್ಕೆ ಬೆನ್ನು ಕೊಟ್ಟು ಕಂಬಳಿಯ ಮೇಲೆ ಕುಳಿತಿದ್ದ ಆಯಿ, ಎಂದರೆ ಅಪ್ಪನ ತಾಯಿ, ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿದ್ದ ಅಪ್ಪ, ಅಡುಗೆಮನೆಯ ಹೊಸ್ತಿಲ ಈಚೆ ಅವ್ವ, ಆಚೆ ಚಿಗವ್ವ, ಮತ್ತು ಎರಡು ಜಡೆ ಬಿಗಿಸಿಕೊಂಡು ಮುಂಜಾನೆಯ ಸಾಲಿಗೆ ತಯಾರಾಗಿದ್ದ ನಾನು. ಕಾಕಾ ಕುರಿಗಳ ಹಿಂದೆ ಮರೋಳದ ಕಡೆ ಹೋಗಿದ್ದ. ಅಪ್ಪ ಸಾಲಿಯಲ್ಲಿ ಡ್ರಿಲ್ ಮಾಸ್ತರ. ಮನೆಯಲ್ಲಿಯೂ ಯಾವುದೇ ಮುಖ್ಯ ಸಂಗತಿಯನ್ನು ಎಲ್ಲರನ್ನೂ ನಿಲ್ಲಿಸಿಯೇ ಹೇಳುತ್ತಿದ್ದ. ಅವತ್ತಿನ ಸಂಗತಿ ಒಂದೇ: ಇವತ್ತಿನಿಂದ ಆಯಿಗೆ ಗುಳಿಗೆ ಇಲ್ಲ. ಕಡಲೆಯಷ್ಟಿದ್ದದ್ದು ತೊಗರಿಯಷ್ಟಾಗಿ, ಜೋಳದಷ್ಟಾಗಿ, ಸಾಸಿವೆಯಷ್ಟಾಗಿ ಈಗ ಏನೂ ಇಲ್ಲದ್ದಕ್ಕೆ ಬಂದು ನಿಂತಿತ್ತು. ಅಪ್ಪ ಉಳಿದ ತುಣುಕಿದ್ದ ಚಿಕ್ಕ ಹಿತ್ತಾಳೆ ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟ.

"ಸಂಜಿಮುಂದ ಡಾಕ್ಟರಿಗೆ ಒಪ್ಪಿಸಿ ಬರ್ತೇನಿ. ಅಲ್ಲೀತನ ನಿನ್ನ ಹತ್ರ ಇರ್ಲಿ. ಯಾರು ಕೇಳಿದ್ರೂ ಕೊಡಬ್ಯಾಡ."

"ಯಾರು ಕೇಳಿದ್ರೂ ಅಂತ ಯಾಕ ಅಂತೀಯೋ ಬೀರ್ಯಾ? ನಮ್ಮವ್ವ ಕೇಳಿದ್ರ ಅನ್ನು. ಓಣಿಯವ್ರು ಬಂದು ಕೇಳ್ತಾರೇನು?" ಅಂದಳು ಆಯಿ.

ಆ ಗುಳಿಗೆ ಅಫೀಮಿನದು. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. 'ಆಯಿಯ ಗುಳಿಗಿ' ಅಂದರೆ ಸಾಕಿತ್ತು, ಬೇರೆಯವರ ಗುಳಿಗೆಗಳಿಗೆ ಬೇರೆ ಬೇರೆ ಹೆಸರಿದ್ದವು. ಆಯಿ ಹರೆಯದಲ್ಲಿ ನಮ್ಮ ಅಜ್ಜ ಮುತ್ಯಾನ ಜೊತೆ ಕುರಿ ಹಿಂಡಿನ ಹಿಂದೆ ಮಲಪ್ರಭೆಯ ದಂಡೆ ಹಿಡಿದು ಶಿವಯೋಗ ಮಂದಿರದವರೆಗೂ ನಡೆದವಳು. ಒಂದು ಸಲ ಬಾದಾಮಿಯ ಹತ್ತಿರ ಕಲ್ಲಿನ ಮೇಲಿಂದ ಜಾರಿ ಮೊಣಕಾಲು ಒಡೆದುಕೊಂಡಳು. ಆಗ ಯಾರೋ ಕುರಿಗಾರ ಒಂದು ಕಪ್ಪು ತುಣುಕನ್ನು ಬೆಲ್ಲದಲ್ಲಿ ಇಟ್ಟು ಕೊಟ್ಟ. ನೋವು ನಿಂತಿತು. ಮೊಣಕಾಲು ಕೂಡಿಕೊಂಡ ಮೇಲೂ ಆ ತುಣುಕು ಬರುವುದು ನಿಲ್ಲಲಿಲ್ಲ. ಚೊಳಚಗುಡ್ಡದಲ್ಲಿದ್ದ ಆಯಿಯ ತಮ್ಮ ಅದನ್ನು ಎಲ್ಲಿಂದಲೋ ತಂದು, ಅಕ್ಕನಿಗೆ ತವರಿನಿಂದ ಉತ್ತತ್ತಿ ಕೊಬ್ಬರಿ ತಂದವನ ಹಾಗೆ ಮುಟ್ಟಿಸಿ ಹೋಗುತ್ತಿದ್ದ. ಮೊದಲು ಸಾಸಿವೆಯಷ್ಟಿದ್ದದ್ದು ನಾನು ಕಣ್ಣುಬಿಡುವ ಹೊತ್ತಿಗೆ ಜೋಳದಷ್ಟಾಗಿತ್ತು, ಸಾಲಿಗೆ ಸೇರುವ ಹೊತ್ತಿಗೆ ಕಡಲೆಯಷ್ಟು. ಆಯಿ ಅದನ್ನು ಮಧ್ಯಾಹ್ನದ ಊಟ ಆದ ಕೂಡಲೇ ತೆಗೆದುಕೊಳ್ಳುತ್ತಿದ್ದಳು.

ಅದರ ಮಹಿಮೆ ಏನೆಂದರೆ ಆಯಿ ಬೈಗುಳದ ನಡುವೆಯೇ ನಿದ್ದೆ ಹೋಗುತ್ತಿದ್ದಳು. "ನೀಲವ್ವಾ, ಉಪ್ಪಿನಕಾಯಿ ಭರಣಿಗೆ ಹಸಿ ಕೈ ಹಾಕೀದಿ, ನಿಮ್ಮ ತವರುಮನ್ಯಾಗ..." ಎನ್ನುವಷ್ಟರಲ್ಲಿ ಗದ್ದ ಎದೆಗೆ ಬೀಳುತ್ತಿತ್ತು. ಎರಡೂವರೆಗೆ ಕಣ್ಣು ತೆರೆದು, ನಡುವೆ ಏನೂ ಆಗಿಲ್ಲದವಳಂತೆ, "...ಇದನ್ನ ಕಲಿಸಿದ್ದೇನು?" ಎಂದು ಮುಗಿಸುತ್ತಿದ್ದಳು. ಚಿಗವ್ವ ಎಂದರೆ ಕಾಕಾನ ಹೆಂಡತಿ, ಬೈಗುಳದಲ್ಲಿ ಬರುವ ನೀಲವ್ವ ಅವಳೇ. ಇಳಕಲ್ಲಿನವಳು, ನಗು ತಡೆಯುವುದು ಅವಳಿಂದ ಆಗುತ್ತಿರಲಿಲ್ಲ. ಒಮ್ಮೆ ಆಯಿ ಬಾಯಿ ತೆರೆಯುವ ಮೊದಲೇ ಆ ಉಳಿದರ್ಧವನ್ನು ತಾನೇ ಮುಗಿಸಿಬಿಟ್ಟಳು. ಆ ವಾರವೆಲ್ಲ ಬೀಸುಕಲ್ಲು ಅವಳ ಪಾಲಿಗೆ ಬಂತು.

ಆಯಿ ಮಲಗಿರುವ ಆ ಎರಡೂವರೆ ತಾಸು ನಮ್ಮ ಮನೆಯ ಹೆಂಗಸರ ಹಬ್ಬ. ನಾನು ಅದನ್ನು ಕಂಡದ್ದು ಶನಿವಾರಗಳಲ್ಲಿ ಮತ್ತು ಸೂಟಿಗಳಲ್ಲಿ ಮಾತ್ರ. ಆದರೆ ಈಗಲೂ ನಮ್ಮ ಮನೆ ಎಂದರೆ ನನಗೆ ನೆನಪಾಗುವುದು ಅದೇ ಹೊತ್ತು. ಅವ್ವ ಬೆಳಕು ಹರಿಯುವ ಮೊದಲು ಎದ್ದರೆ ದೀಪ ಆರಿಸುವವರೆಗೆ ಯಾರಾದರೂ ಅವಳ ಹೆಸರು ಕರೆಯುತ್ತಲೇ ಇರುತ್ತಿದ್ದರು. ಗಂಗವ್ವಾ ನೀರು, ಗಂಗವ್ವಾ ರೊಟ್ಟಿ, ಗಂಗವ್ವಾ ನನ್ನ ಸೀಟಿ ಎಲ್ಲಿ. ಹನ್ನೆರಡರಿಂದ ಎರಡೂವರೆವರೆಗೆ ಆ ಹೆಸರನ್ನು ಕರೆಯುವವರು ಇರಲಿಲ್ಲ. ಅಡುಗೆಮನೆಯ ಕಲ್ಲುಹಾಸಿನ ಮೇಲೆ ಚಿಗವ್ವ ಇದ್ದಲಿಯಿಂದ ಚೌಕಾಬಾರದ ಮನೆಗಳನ್ನು ಬರೆಯುತ್ತಿದ್ದಳು. ಅವ್ವನ ಕಾಯಿ ಕೆಂಪು ಬಳೆಚೂರು, ಚಿಗವ್ವನದು ಹುಣಸೆ ಬೀಜ. ಸೊಸೆಯಂದಿರಿಗೆ ಮುಂಜಾನೆ ಒಂದು ಸಲ ಮಾತ್ರ ಚಹಾ ಎಂಬ ನಿಯಮದ ಮನೆಯಲ್ಲಿ ಎರಡನೆಯ ಚಹಾ ಕುದಿಯುತ್ತಿತ್ತು. ಅವ್ವ ತಲೆಯ ಮೇಲಿನ ಸೆರಗು ತೆಗೆದು, ಕಾಲು ಚಾಚಿ ಕುಳಿತು, ಆಟದಲ್ಲಿ ವಾರಗಿತ್ತಿ ಎಂದು ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳದೆ ಚಿಗವ್ವನ ಕಾಯಿಗಳನ್ನು ಹೊಡೆದು ಹಾಕುತ್ತಿದ್ದಳು. ನನ್ನ ಕೆಲಸ ಗೊರಕೆಯ ಕಡೆ ಕಿವಿ ಇಡುವುದು. ಗೊರಕೆ ನಿಂತರೆ ನಾನು ಹೇಳುತ್ತಿದ್ದೆ. ಚಿಗವ್ವ ಒದ್ದೆ ಅರಿವೆಯಿಂದ ನೆಲ ಒರೆಸುತ್ತಿದ್ದಳು. ಅವ್ವನ ಸೆರಗು ತಲೆಗೇರುತ್ತಿತ್ತು.

ಇದಕ್ಕೆಲ್ಲ ಕುತ್ತು ಬಂದದ್ದು ಶ್ರಾವಣದ ಒಂದು ಶನಿವಾರ ಮಧ್ಯಾಹ್ನ. ಎರಡೂವರೆ ಆಯಿತು, ಆಯಿ ಏಳಲಿಲ್ಲ. ಮೂರಾಯಿತು. ಅವ್ವ ಹೋಗಿ ಅಲುಗಾಡಿಸಿದಳು, ಕೆನ್ನೆ ತಟ್ಟಿದಳು. ನನ್ನನ್ನು ಡಾಕ್ಟರರನ್ನು ಕರೆಯಲು ಓಡಿಸಿದಳು. ನಾವು ಬರುವ ಹೊತ್ತಿಗೆ ಆಯಿ ಕಣ್ಣು ತೆರೆದು ಎಲ್ಲರನ್ನೂ ಯಾಕೆ ಸೇರಿದ್ದೀರಿ ಎಂದು ಕೇಳುತ್ತಿದ್ದಳು. ಡಾಕ್ಟರರು ರೆಪ್ಪೆ ಎತ್ತಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಬಯಲಕಡೆಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಆಯಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಮೊಣಕಾಲು ಕೂಡಿ ಎಷ್ಟೋ ವರ್ಷ ಆತು. ಈಗ ನೀವು ತಗೊಳ್ಳೂದು ನೋವಿಗೆ ಅಲ್ರಿ ಆಯಿ, ಗುಳಿಗಿ ತಪ್ಪಿದ್ರ ಬರೂ ನೋವಿಗೆ," ಅಂದರು ಡಾಕ್ಟರು.

"ಯಾವ ನೋವಾದ್ರೇನ್ರಿ, ನೋವು ನನ್ನದ ಅಲ್ಲೇನು?"

"ಹೌದ್ರಿ. ಆದ್ರ ಇನ್ನಷ್ಟು ಹೆಚ್ಚು ಮಾಡಿದ್ರ ಒಂದಿನ ಉಸುರ ನಿಂತೀತು."

ಸುದ್ದಿ ತಿಳಿದು ಬಂದಿದ್ದ ಅಪ್ಪ ತಟ್ಟನೆ, ಹಾಗಾದರೆ ನಾಳೆಯಿಂದಲೇ ಬಂದ್ ಎಂದ. ಡಾಕ್ಟರು ಕೈ ಎತ್ತಿದರು. ಇಷ್ಟು ವರ್ಷ ತೆಗೆದುಕೊಂಡ ಮೈಗೆ ಒಮ್ಮೆಲೇ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಮೊಣಕಾಲಿಗೆ ಬೇರೆ ಉಪಾಯ ಮಾಡೋಣ ಎಂದರು. ಮುಂದೆ ನಾನು ನರ್ಸ್ ಆಗಿ ಬಾಗಲಕೋಟೆಯಲ್ಲಿ ಕೆಲಸ ಮಾಡುವಾಗ ಇದೇ ಕುಲದ ಔಷಧವನ್ನು ಕ್ಯಾನ್ಸರ್ ಆದವರಿಗೆ ಗಡಿಯಾರ ನೋಡಿ ಕೊಟ್ಟಿದ್ದೇನೆ. ಗಂಟೆ ಮೀರಿಸಿದ ಹುಡುಗಿಯರನ್ನು ಬೈದಿದ್ದೇನೆ. ಹಾಸಿಗೆಯಲ್ಲಿ ಹೊರಳುವವರಿಗೆ ಅದು ಕೊಡುವ ಒಂದು ರಾತ್ರಿಯ ನಿದ್ದೆಯನ್ನು ಕಂಡಿರುವುದರಿಂದ ಆ ಔಷಧವನ್ನು ಬೈಯುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಯಾರಿಗೆ, ಯಾತಕ್ಕೆ, ಎಷ್ಟು ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಆ ಮೂರನ್ನೂ ನಾನು ಕಲಿತದ್ದು ನರ್ಸಿಂಗ್ ಸಾಲಿಗೆ ಹೋಗುವ ಎಷ್ಟೋ ಮೊದಲು, ಬೇಳೆಕಾಳುಗಳ ಡಬ್ಬಿಗಳ ಮುಂದೆ.

ಯಾಕೆಂದರೆ ಮನೆಯಲ್ಲಿ ತೂಗಲು ಅಷ್ಟು ಸಣ್ಣ ತಕ್ಕಡಿ ಇರಲಿಲ್ಲ. ಅಪ್ಪ ಕಾಳಿನ ಲೆಕ್ಕ ಹಾಕಿದ: ಒಂದಷ್ಟು ದಿನ ಕಡಲೆ, ಆಮೇಲೆ ತೊಗರಿ, ಆಮೇಲೆ ಜೋಳ, ಕಡೆಗೆ ಸಾಸಿವೆ. ಡಾಕ್ಟರಿಗೂ ಅದು ಒಪ್ಪಿಗೆಯಾಯಿತು. ಅಳತೆಯ ಕಾಳನ್ನು ಒಂದು ಬಟ್ಟಲಲ್ಲಿ ಇಡುವುದು ಚಿಗವ್ವನ ಕೆಲಸ, ಅದನ್ನು ನೋಡಿ ಗುಳಿಗೆ ಉರುಳಿಸುವುದು ಅವ್ವನ ಕೆಲಸ. ತೊಗರಿಯ ಸರದಿ ಬಂತು. ಅಪ್ಪ ದಿನವೂ ಸಂಜೆ ಆಯಿಯ ಮುಖ ನೋಡುತ್ತಿದ್ದ. ಡಾಕ್ಟರು ಹೇಳಿದ ಆಕಳಿಕೆ ಇಲ್ಲ, ಮೂಗು ಸೋರುವುದು ಇಲ್ಲ, ಸಿಡುಕು ಇಲ್ಲ. ಮಧ್ಯಾಹ್ನದ ಗೊರಕೆ ಮೊದಲಿನಂತೆಯೇ ಇದೆ. ನಮ್ಮವ್ವನ ಮೈ ಗಟ್ಟಿ, ಕುರಿಹಾಲು ಕುಡಿದು ಬೆಳೆದದ್ದು ಎಂದು ಸಾಲಿಯ ಮಾಸ್ತರರಿಗೆಲ್ಲ ಹೇಳಿ ಬಂದ. ಒಂದು ಸಂಜೆ ಏನು ಅನಿಸಿತೋ, ಆ ಬಟ್ಟಲನ್ನು ತರಿಸಿದ. ಒಳಗಿನ ತೊಗರಿ ಉಬ್ಬಿ ಗುಂಡಗಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಜಾರಿತು, ತುದಿಯಲ್ಲಿ ಬೆಳ್ಳಗೆ ಒಂದು ಮೊಳಕೆ.

"ಇದು ಅಳತಿ ಕಾಳೋ, ಬಿತ್ತನಿ ಕಾಳೋ?"

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಒಣಾ ಕಾಳು ಕಣ್ಣಿಗೆ ಹತ್ತವಲ್ದಾಗಿತ್ರಿ ಭಾವಾರ. ಅದಕ್ಕ ರಾತ್ರಿ ನೆನಿಹಾಕ್ತಿದ್ದೆ."

"ಮತ್ತ ಗಂಗಾ, ಗುಳಿಗಿ ಉರುಳಿಸೂವಾಗ ನಿನಗ ಕಾಣಲಿಲ್ಲೇನು?"

"ನೀವು ಬಟ್ಟಲದಾಗಿನ ಕಾಳಿನಷ್ಟ ಮಾಡು ಅಂದಿದ್ರಿ. ಮಾಡೀನಿ," ಅಂದಳು ಅವ್ವ, ರೊಟ್ಟಿ ತಟ್ಟುತ್ತ, ಕತ್ತೆತ್ತದೆ.

ಅಪ್ಪನಿಗೆ ಒಳಗುಟ್ಟು ತಿಳಿಯಲಿಲ್ಲ. ಹೆಂಗಸರಿಗೆ ಅಳತೆಯ ಶಿಸ್ತಿಲ್ಲ ಎಂದು ತೀರ್ಮಾನಿಸಿ, ಒಣ ತೊಗರಿಯನ್ನು ತಾನೇ ಆರಿಸಿ ಇಟ್ಟ. ಅಲ್ಲಿಂದ ನಮ್ಮ ಮನೆಯ ಮಧ್ಯಾಹ್ನ ದಿನೇ ದಿನೇ ಸಣ್ಣದಾಗುತ್ತ ಬಂತು. ಎರಡೂವರೆಗೆ ಏಳುತ್ತಿದ್ದ ಆಯಿ ಎರಡಕ್ಕೆ ಎದ್ದಳು, ಆಮೇಲೆ ಒಂದೂವರೆಗೆ. ಕಾಯಿಗಳು ಹಣ್ಣಾಗುವ ಮೊದಲೇ ಆಟ ಒರೆಸಬೇಕಾಯಿತು. ಎಚ್ಚರದ ಆಯಿಗೆ ಮನೆಯಲ್ಲಿ ಇಷ್ಟು ವರ್ಷ ಕಾಣದಿದ್ದದ್ದೆಲ್ಲ ಒಮ್ಮೆಲೇ ಕಾಣತೊಡಗಿತು: ಗೋಡೆಯ ಮಾಡದೊಳಗಿನ ಜೇಡ, ಸವೆದ ಹಾರೆ, ಚಹಾಪುಡಿ ಇಳಿಯುವ ವೇಗ. ಮೈ ಜುಮ್ಮೆನ್ನುತ್ತಿತ್ತು, ಮೂಗು ಸೋರುತ್ತಿತ್ತು, ತಾಸಿಗೊಮ್ಮೆ ಚೊಂಬು ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಬರುವಾಗ ದಾರಿಯಲ್ಲಿ ಯಾರು ಸಿಕ್ಕರೂ ಒಂದು ತಪ್ಪು ಹುಡುಕುತ್ತಿದ್ದಳು. ಮೊಣಕಾಲಿಗೆ ಎಕ್ಕೆ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟುತ್ತಿದ್ದೆವು. ಹಂಚಿನ ಮೇಲೆ ಕಾಸಿದ ಉಸುಕಿನ ಗಂಟಿನಿಂದ ಶಾಖ ಕೊಡುತ್ತಿದ್ದೆವು. ಡಾಕ್ಟರು ಇನ್ನೊಂದು ಹೇಳಿದ್ದರು: ಕುಳಿತು ಕಾಲನ್ನು ನೆಟ್ಟಗೆ ಎತ್ತಿ ಇಳಿಸುವ ವ್ಯಾಯಾಮ, ತೊಡೆ ಗಟ್ಟಿಯಾದರೆ ಮೊಣಕಾಲಿನ ಭಾರ ಇಳಿಯುತ್ತದೆ ಎಂದು. ಅಪ್ಪನಿಗೆ ಇದಕ್ಕಿಂತ ಸಂತೋಷದ ಆಜ್ಞೆ ಬೇರೆ ಬೇಕಿರಲಿಲ್ಲ. ದಿನಾ ಸಂಜೆ ಕಟ್ಟೆಯ ಮೇಲೆ ಆಯಿಯನ್ನು ಕೂರಿಸಿ ಸೀಟಿ ಊದಿದ.

"ಎತ್ತು. ಹಿಡಿ. ಇಳಿಸು. ಇನ್ನೊಂದು ಕಾಲು."

"ನಿನಗ ನಡಿಯಾಕ ಕಲಿಸಿದಾಕಿ ನಾನು. ನಾ ಸೀಟಿ ಊದಿದ್ನೇನು?"

ಬೈಯುತ್ತಲೇ ಎತ್ತುತ್ತಿದ್ದಳು. ಸೀಟಿಯ ಸಪ್ಪಳಕ್ಕೆ ಓಣಿಯ ಹುಡುಗರು ಬಂದು ಎದುರಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತು ತಾವೂ ಕಾಲೆತ್ತುತ್ತಿದ್ದರು. ಆಯಿ ಅವರಿಗೆ ಸೋಲಲು ಒಪ್ಪದೆ ಒಂದೆರಡು ಹೆಚ್ಚಿಗೆ ಎತ್ತಿದ ದಿನಗಳೂ ಉಂಟು.

ಹೀಗೆ ಆ ಶನಿವಾರ ಬಂದಿತ್ತು. ನಾನು ಸಾಲಿ ಮುಗಿಸಿ ಮನೆಗೆ ಬಂದಾಗ ಊಟ ಆಗಿತ್ತು. ಅಪ್ಪ ಹುಡುಗರ ಕಬಡ್ಡಿ ಮುಗಿಸಿ ಸಂಜೆಗೇ ಬರುವವನಿದ್ದ. ಆಯಿ ಕಂಬಳಿಯ ಮೇಲೆ ಕುಳಿತು ಕಾಲನ್ನು ಚಾಚುತ್ತ ಮಡಚುತ್ತ ಇದ್ದಳು, ಎಲ್ಲಿಟ್ಟರೂ ಒಗ್ಗದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಅವ್ವ ಉಸುಕಿನ ಗಂಟು ಕಾಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಚಿಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಗಂಗಾ, ಡಬ್ಬಿ ನಿನ್ನ ಸೆರಗಿನ ಗಂಟಿನ್ಯಾಗ ಐತಿ. ನನಗ ವಾಸನಿ ಬರಾಕತ್ತೈತಿ."

"ಐತ್ರಿ ಅತ್ತಿ."

"ಸಾಸಿವಿ ಅಷ್ಟ ಕೊಡು. ಇವತ್ತೊಂದ ದಿನ. ಬೀರ್ಯಾಗ ಹೇಳೂದು ಬ್ಯಾಡ."

"ಕೊಡೂದಿಲ್ರಿ."

ಆಯಿ ಬೇರೆ ದಾರಿ ಹಿಡಿದಳು. "ನಾ ಮಲ್ಕೊಂಡ್ರ ನಿನಗ ಚಲೋ ಅಲ್ಲೇನು?"

ಚಿಗವ್ವನ ಉಸಿರು ನನಗೆ ಕೇಳಿಸಿತು. ಅವ್ವ ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಚಲೋರಿ. ಭಾಳ ಚಲೋ. ಇಡೀ ದಿನದಾಗ ನನಗಂತ ಇರೂದು ಅದೊಂದ ಹೊತ್ತು."

"ಹಂಗಾದ್ರ ಯಾಕ ಕೊಡವಲ್ಲಿ?"

"ಶ್ರಾವಣದಾಗ ಒಂದಿನ ನೀವು ಏಳಲಿಲ್ಲ. ನೀವು ಕಣ್ಣು ತೆರಿಯೂತನ ನಾ ನಿಮ್ಮ ಮೂಗಿನ ಮುಂದ ಕೈ ಹಿಡಕೊಂಡು ಕುಂತಿದ್ದೆ. ಗಾಳಿ ಬರ್ತೈತೋ ಇಲ್ಲೋ ತಿಳೀವಲ್ದಾಗಿತ್ತು." ಅವ್ವ ಉಸುಕಿನ ಗಂಟನ್ನು ತನ್ನ ಮುಂಗೈಗೆ ಮುಟ್ಟಿಸಿ ಬಿಸಿ ನೋಡಿದಳು. "ಅಂಥಾ ಮಧ್ಯಾಹ್ನ ನನಗ ಬ್ಯಾಡ್ರಿ. ಕಾಲು ಚಾಚ್ರಿ."

ಆಯಿ ಕಾಲು ಚಾಚಿದಳು. ಶಾಖ ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಬಂತು. ಆಮೇಲೆ ಆಯಿ ಮಾಡ ನೋಡುತ್ತ ಕೇಳಿದಳು:

"ಹುಣಸಿ ಬೀಜ ಯಾರವು, ಬಳಿಚೂರು ಯಾರವು?"

ಚಿಗವ್ವನ ಕೈಯಿಂದ ಸೌಟು ಬಿತ್ತು.

"ಗುಳಿಗಿ ತಗೊಂಡಾಕಿ ಕಣ್ಣು ಮುಚ್ತಿದ್ದೆ, ಕಿವಿ ಅಲ್ಲ. ಇಷ್ಟ ವರ್ಷ ಕವಡಿ ಸಪ್ಪಳ ಕೇಳೇನಿ. ಇದ್ದಲಿ ಬಳಿಯೂ ಸಪ್ಪಳ ಕೇಳೇನಿ. ಚಹಾದಾಗ ಶುಂಠಿ ಹೆಚ್ಚು ಹಾಕ್ತೀರಿ ಇಬ್ಬರೂ."

"ಮತ್ತ ಯಾಕ ಏನೂ ಅನಲಿಲ್ರಿ ಅತ್ತಿ?" ಚಿಗವ್ವನ ದನಿ ಸಣ್ಣದಾಗಿತ್ತು.

"ಯಾರು ಏಳಬೇಕು? ಎದ್ದು ಬಂದು ಬೈಯುವಷ್ಟು ಬ್ಯಾಸರಕಿ ನನಗ ಆಗ ಎಲ್ಲಿ ಬರ್ತಿತ್ತು?" ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಡಬ್ಬಿ ಒಲಿಗೆ ಹಾಕಬ್ಯಾಡ್ರಿ ಮತ್ತ, ಹೊಗಿ ಕುಡದು ಓಣಿಯೆಲ್ಲಾ ಮಲ್ಕೊಂಡೀತು. ಬೀರ್ಯಾ ಡಾಕ್ಟರಿಗೆ ಒಯ್ದು ಕೊಡ್ಲಿ."

ಹೀಗೆಂದು ಗೋಡೆಯ ಕಡೆ ಮುಖ ಮಾಡಿ ಕಂಬಳಿಯ ಮೇಲೆ ಅಡ್ಡಾದಳು.

"ನಾ ಈಗ ಮಲ್ಕೊಂಡೇನಿ. ಎರಡೂವರಿತನ ನನಗ ಏನೂ ಗೊತ್ತಿಲ್ಲ. ಏಳೂದಕ್ಕ ಮೊದ್ಲ ಕೆಮ್ತೇನಿ."

ಅವ್ವ ಉಸುಕಿನ ಗಂಟು ಬದಿಗಿಟ್ಟು ಎದ್ದಳು. ಗೊರಕೆ ಶುರುವಾಯಿತು. ಆಯಿಯ ನಿಜವಾದ ಗೊರಕೆ ಏರಿ, ನಡುವೆ ಎಡವಿ, ಮರೆತು, ಮತ್ತೆ ನೆನಪಾದಂತೆ ಬರುತ್ತಿತ್ತು. ಇದು ಬೀಸುಕಲ್ಲಿನಂತೆ ಒಂದೇ ಸಮ. ಅವ್ವ ಚಿಗವ್ವನ ಮುಖ ನೋಡಿದಳು. ಅಡುಗೆಮನೆಗೆ ಹೋಗುವ ಬದಲು ಆಯಿಯ ಕಂಬಳಿಯಿಂದ ಒಂದು ಮಾರು ದೂರದಲ್ಲಿ, ಪಡಸಾಲೆಯಲ್ಲೇ ಕುಳಿತು, "ಇಲ್ಲೇ ಬರಿ" ಅಂದಳು. ಚಿಗವ್ವ ಇದ್ದಲಿ ತಂದಳು. ಮೊದಮೊದಲು ಕವಡೆಗಳನ್ನು ಅರಿವೆಯ ಮೇಲೆ ಸಪ್ಪಳವಾಗದಂತೆ ಬಿಟ್ಟರು. ನಾಲ್ಕು ಕೈ ಆಡುವಷ್ಟರಲ್ಲಿ ಅದು ಮರೆತುಹೋಯಿತು. ಕಂಬಳಿಯ ಕೆಳಗೆ ಆಯಿಯ ಕಾಲು ಆಗಾಗ ಜಗ್ಗುತ್ತಿತ್ತು, ಮೈ ಮುದುಡುತ್ತಿತ್ತು, ಗೊರಕೆ ಮಾತ್ರ ನಿಯಮ ತಪ್ಪುತ್ತಿರಲಿಲ್ಲ. ಅವ್ವ ಬಲಗೈಯಲ್ಲಿ ಕವಡೆ ಬಿಡುತ್ತ, ಎಡಗೈಯನ್ನು ಅತ್ತ ಚಾಚಿ, ನೋಡದೆಯೇ ಆ ಮೊಣಕಾಲನ್ನು ತಿಕ್ಕುತ್ತಿದ್ದಳು. ಚಿಗವ್ವ ಅಷ್ಟಾ, ಎಂದರೆ ಎಂಟು, ಹಾಕಿದಾಗ ಗೊರಕೆ ಒಂದು ಕ್ಷಣ ನಿಂತಿತು, ಆಯಿಯ ಕತ್ತು ತುಸು ಈಚೆ ಹೊರಳಿತು. ಅವ್ವ ತನ್ನ ಸರದಿಯಲ್ಲಿ ಮುಂದಿನ ಬಳೆಚೂರಿನ ಮೇಲೆ ಬೆರಳಿಟ್ಟಳು. ಕಂಬಳಿಯಿಂದ "ಊಹೂಂ... ಊಹೂಂ" ಎಂದು ಬೇಡವೆನ್ನುವ ದನಿಯೊಂದು ಬಂತು, ಬೆನ್ನಿಗೇ ಗೊರಕೆ. ಆಟದಲ್ಲಿ ಅವ್ವ ಯಾರ ಮಾತನ್ನೂ ಕೇಳುವವಳಲ್ಲ. ಅದೇ ಕಾಯಿ ನಡೆಸಿದಳು. ಚಿಗವ್ವ ಮರುಕೈಯಲ್ಲೇ ಅದನ್ನು ಹೊಡೆದಳು. ಕಂಬಳಿ ಅಲುಗಾಡಿತು. ಅದು ನಡುಕವೋ ನಗುವೋ ನನಗೆ ಹೇಳಲು ಬರುವುದಿಲ್ಲ. ಎರಡನೆಯ ಚಹಾ ಕುದಿಯಿತು, ಶುಂಠಿ ಕಡಿಮೆ ಹಾಕಿ. ಎರಡೂವರೆಗೆ ಸರಿಯಾಗಿ ಕೆಮ್ಮು ಕೇಳಿಸಿತು. ಆಟ ಒರೆಸಿದ್ದು ಆಮೇಲೆ, ನಿಧಾನಕ್ಕೆ. ಅಷ್ಟರವರೆಗೆ ಆಯಿ ಏಳಲಿಲ್ಲ.

ಸಂಜೆ ಅಪ್ಪ ಬಂದವನೇ ಕೇಳಿದ:

"ಮಧ್ಯಾಹ್ನ ಅವ್ವ ಹೆಂಗಿದ್ಲು?"

"ಮಲ್ಕೊಂಡಿದ್ರು," ಅಂದಳು ಅವ್ವ.

ಅಪ್ಪ ಗಾಬರಿಯಾಗಿ ಡಬ್ಬಿ ಇಸಕೊಂಡು, ಮುಚ್ಚಳ ತೆಗೆದು, ಒಳಗಿದ್ದ ತುಣುಕನ್ನು ದೀಪದ ಹತ್ತಿರ ಹಿಡಿದು ನೋಡಿದ. ಮುಂಜಾನೆ ಇದ್ದಷ್ಟೇ ಇತ್ತು. ಡಾಕ್ಟರಿಗೆ ಒಪ್ಪಿಸಲು ಹೋದವನು ಅರ್ಧ ತಾಸಿನಲ್ಲಿ ತಿರುಗಿ ಬಂದು, ಗುಳಿಗೆ ಇಲ್ಲದೆ ನಿದ್ದೆ ಬಂದದ್ದು ಕಾಲೆತ್ತುವ ವ್ಯಾಯಾಮದ ಫಲ ಎಂದು ಎಲ್ಲರಿಗೂ ತಿಳಿಸಿ, ಸೀಟಿ ಊದಿದ. ಆಯಿ ಮಗನನ್ನು ಬೈಯದೆ ಕಾಲೆತ್ತಿದ್ದು ಅದೇ ಮೊದಲು. ಇನ್ನೂ ಎಷ್ಟೋ ದಿನ ಆ ಕಾಲಿನ ಜಗ್ಗಾಟ, ಆ ಸಿಡುಕು ಇದ್ದವು. ಮೊಣಕಾಲು ಕಡೆಯವರೆಗೂ ಚಳಿಗಾಲಕ್ಕೊಮ್ಮೆ ಸತಾಯಿಸಿತು. ಗುಳಿಗೆ ಮಾತ್ರ ಮನೆಗೆ ಮತ್ತೆ ಬರಲಿಲ್ಲ. ಅವ್ವನ ಮಧ್ಯಾಹ್ನವೂ ಹೋಗಲಿಲ್ಲ.

ಅವತ್ತು ಊಟಕ್ಕೆ ಆಯಿ ಬಿಸಿ ರೊಟ್ಟಿ ಇನ್ನೊಂದು ಕೇಳಿ ಹಾಕಿಸಿಕೊಂಡಳು. ಪಾತ್ರೆ ತೊಳೆದಾಯಿತು, ಒಲೆ ಸಾರಿಸಿದ್ದಾಯಿತು. ಉಳಿದದ್ದು ಆಯಿಯ ಮೊಣಕಾಲಿಗೆ ಎಣ್ಣೆ ಹಚ್ಚುವುದೊಂದೇ. ಅವ್ವ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ಕುಳಿತಳು. ನಾನು ಆಯಿಯ ಕಂಬಳಿಯ ತುದಿಯಲ್ಲಿ ಮಲಗಿದ್ದೆ. ಒಂದು ಕಾಲು ಮುಗಿದು ಎರಡನೆಯದಕ್ಕೆ ಕೈ ಹಾಕಿದಾಗ ಆಯಿ ತಗ್ಗಿದ ದನಿಯಲ್ಲಿ ಅಂದಳು:

"ಹಿಂದಿನ ಕಾಯಿ ನಡಸಬೇಕಾಗಿತ್ತು ನೀನು."

"ನೀವು ಮಲ್ಕೊಂಡಿದ್ರಲ್ರಿ ಅತ್ತಿ?"

"ಮಲ್ಕೊಂಡಿದ್ದೆ. ಕನಸು ಬಿತ್ತು."

ಅವ್ವ ಎರಡನೆಯ ಮೊಣಕಾಲನ್ನು ತಿಕ್ಕಿ ಮುಗಿಸಿ, ಎಲೆ ಕಟ್ಟಿ, ಕೈಗೆ ಉಳಿದ ಎಣ್ಣೆಯನ್ನು ತನ್ನ ಪಾದಕ್ಕೆ ಒರೆಸಿಕೊಂಡು, ಶೀಸೆಗೆ ಬಿರಡೆ ಹಾಕಿದಳು.